ಶುಕ್ರವಾರ ಖಾಲಿ ಇತ್ತು

ಬಾಗೇವಾಡಿ ಸಂತೆಗೆ ಸುರೇಖಾ ಹೋಗುತ್ತಿದ್ದದ್ದು ಸಂತೆ ಮುರಿಯುವ ಹೊತ್ತಿಗೆ. ಇಂಗಳೇಶ್ವರದಿಂದ ಬಸ್ಸು ಹೆಂಗಸರಿಗೆ ಪುಕ್ಕಟೆ; ಬೇಕಾದರೆ ಮುಂಜಾನೆಯೇ ಹೋಗಬಹುದಿತ್ತು. ಆದರೆ ಮುಂಜಾನೆಯ ಬದನೆಕಾಯಿ ನೋಡುವುದಕ್ಕೆ ಚಂದ, ಕೊಳ್ಳುವುದಕ್ಕಲ್ಲ. ಸಂಜೆ ಮಾರುವವರು ತಾಡಪತ್ರಿ ಮಡಚುವಾಗ ಬಾಡಿದ್ದು, ಒಡೆದದ್ದು, ಒಂದು ಮಗ್ಗುಲು ಹುಳ ಕೊರೆದದ್ದು ಎಲ್ಲ ಸೇರಿ ಗುಂಪಿಯಾಗಿ ಬೀಳುತ್ತದಲ್ಲ, ಅದು ಅವಳ ಸಂತೆ. ಹುಳ ಕೊರೆದ ಕಡೆ ಕೊಯ್ದು ಒಗೆದರೆ ಉಳಿದದ್ದು ಬದನೆಕಾಯಿಯೇ.

ತಿರುಗಿ ಬರುವ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮುಂದಿನ ಸಂತೆಯವರೆಗಿನ ಅಡುಗೆಯನ್ನು ಮನಸ್ಸಿನಲ್ಲೇ ಮಾಡಿ ಮುಗಿಸುತ್ತಿದ್ದಳು. ಸೊಪ್ಪು ಮೊದಲು ಕೆಡುತ್ತದೆ, ಆದ್ದರಿಂದ ಮೊದಲ ದಿನ ಪುಂಡಿಪಲ್ಯ. ಮರುದಿನ ಬದನೆಕಾಯಿ. ಆಮೇಲೊಂದು ದಿನ ಬೇಳೆ, ಅದೂ ಮುಷ್ಟಿ ಬೇಳೆಗೆ ಗಡಿಗೆ ತುಂಬ ನೀರು. ಇನ್ನೊಂದು ದಿನ ಕಡಲೆಹಿಟ್ಟಿನ ಝುಣಕ. ತರಕಾರಿ ತೀರಿದ ಮೇಲೆ ಶೇಂಗಾ ಹಿಂಡಿ, ಹಿಂಡಿಯೂ ತಳ ಕಂಡಾಗ ಉಳ್ಳಾಗಡ್ಡಿ ಗುದ್ದಿ ಖಾರ ಹಚ್ಚಿಕೊಳ್ಳುವುದು. ಸರಕಾರದ ಬಜೆಟ್ಟು ವರ್ಷಕ್ಕೊಮ್ಮೆ, ಅವಳದು ವಾರಕ್ಕೊಮ್ಮೆ. ಅವಳದಕ್ಕೆ ಮೇಜು ಕುಟ್ಟುವವರು ಯಾರೂ ಇರಲಿಲ್ಲ.

ಉಣ್ಣುವವರು ಐದು ಮಂದಿ. ಗಂಡ ಕಾಂತು ಬಾಗೇವಾಡಿಯ ಅಡತಿ ಅಂಗಡಿಯಲ್ಲಿ ಹಮಾಲನಾಗಿದ್ದವನು, ಉಳ್ಳಾಗಡ್ಡಿ ಚೀಲ ಹೊತ್ತು ಹಲಗೆ ಏರುವಾಗ ಕಾಲು ಜಾರಿ ಸೊಂಟ ಮುರಿದುಕೊಂಡು ಹೊರಸು ಹಿಡಿದಿದ್ದ. ಅತ್ತೆ ಕಾಶಿಬಾಯಿಗೆ ವಯಸ್ಸಾಗಿತ್ತು, ನಾಲಿಗೆಗೆ ಆಗಿರಲಿಲ್ಲ. ಮಗಳು ಭಾಗ್ಯಾ ಶಾಲೆಯಲ್ಲಿ ಏಳನೆಯ ಇಯತ್ತೆ, ಮಗ ಯುವರಾಜ ಒಂದನೆಯ ಇಯತ್ತೆ. ಸರಕಾರದಿಂದ ಅತ್ತೆಯ ಖಾತೆಗೆ ಬರುತ್ತಿದ್ದ ಹಣ ಕಾಂತುವಿನ ಔಷಧಿಗೆ ಸರಿಹೋಗುತ್ತಿತ್ತು. ಸುರೇಖಾ ಉಳ್ಳಾಗಡ್ಡಿ ಕೊಯ್ಯುವ, ಕಳೆ ತೆಗೆಯುವ ಕೂಲಿಗೆ ಹೋಗಿ ತಂದದ್ದರಲ್ಲಿ ಐದು ಹೊಟ್ಟೆ ತುಂಬಬೇಕು. ಮಕ್ಕಳು ಮಧ್ಯಾಹ್ನ ಶಾಲೆಯಲ್ಲಿ ಉಣ್ಣುತ್ತಾರೆ ಎಂಬುದೊಂದೇ ಆ ಲೆಕ್ಕದಲ್ಲಿ ಅವಳಿಗೆ ಉಸಿರಾಡಲು ಸಿಕ್ಕ ಜಾಗ. ಆ ಒಂದು ಊಟ ಇಲ್ಲದಿದ್ದರೆ ಅವಳ ಇಡೀ ವಾರ ಕುಸಿದು ಬೀಳುತ್ತಿತ್ತು.

ಉಪವಾಸ ಶುರುವಾದದ್ದು ಒಂದು ಸೋಮವಾರ. ರೊಟ್ಟಿ ಬಡಿದು ಎಣಿಸಿ ನೋಡಿದರೆ ತನ್ನ ಪಾಲಿಗೆ ಏನೂ ಉಳಿದಿರಲಿಲ್ಲ. ಎಲ್ಲರಿಗೂ ಬಡಿಸಿ, ತಾನು ಒಲೆಯ ಬೂದಿ ಕೆದರುತ್ತ ಕೂತಳು. ಅತ್ತೆಯ ಕಣ್ಣು ಸುಮ್ಮನಿದ್ದೀತೆ?

"ಯಾಕ, ನೀ ಉಣ್ಣಂಗಿಲ್ಲೇನು?"

ರೊಟ್ಟಿ ಸಾಲಲಿಲ್ಲ ಎಂದು ಹೇಳುವುದೇನೂ ಕಷ್ಟವಿರಲಿಲ್ಲ. ಆದರೆ ಹೊರಸಿನ ಮೇಲೆ ಕಾಂತು ಇದ್ದ, ಅವನ ಬಾಯಿಯಲ್ಲಿ ತುತ್ತು ಇತ್ತು. ಈ ಮಾತು ಕೇಳಿದರೆ ಆ ತುತ್ತು ಒಳಗೆ ಇಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ಇವತ್ತ ಸೋಮವಾರ ಐತಲ್ರಿ ಅತ್ತಿ. ಬಸವಣ್ಣನ ವಾರ ಹಿಡದೇನ್ರಿ. ಇವರ ಸೊಂಟ ಲಗೂನ ಆರಾಮ ಆಗ್ಲಿ ಅಂತ."

ದೇವರ ಹೆಸರಲ್ಲಿ ಒಂದು ದಿನ ಉಪವಾಸ ಕಟ್ಟಿಕೊಂಡು ವಾರ ಹಿಡಿಯುವುದು ಆ ಓಣಿಗೆ ಹೊಸದಲ್ಲ. ಕಾಶಿಬಾಯಿಯ ಮುಖ ಅರಳಿತು. ಅರಳಿದ್ದೇ ಕಷ್ಟಕ್ಕೆ ಬಂತು.

"ಹಂಗಾರ ಫರಾಳ ಬೇಕಲ್ಲ! ನಾಕು ಬಾಳಿಹಣ್ಣು, ಒಂದೀಟು ಸಾಬೂದಾಣಿ ತರಿಸೂಣು ತಡಿ."

ಉಪವಾಸದ ಫರಾಳ ಊಟಕ್ಕಿಂತ ತುಟ್ಟಿ. ಸುರೇಖಾ ಅವಸರಪಟ್ಟು, "ಬ್ಯಾಡ್ರಿ ಅತ್ತಿ, ನಾ ನಿರಂಕಾರ ಮಾಡ್ತೇನ್ರಿ. ಬರೇ ಚಾ, ನೀರು," ಅಂದುಬಿಟ್ಟಳು. ಹೀಗೆ ಹಸಿವಿಗೆ ಹಸಿವನ್ನೇ ಕಾವಲು ಹಾಕಿ ಆ ರಾತ್ರಿ ಮಲಗಿದಳು.

ಮುಂದೆ ಜೋಳದ ದರ ಏರಿದಾಗ ದತ್ತಪ್ಪನ ಹೆಸರಲ್ಲಿ ಗುರುವಾರ ಹಿಡಿದಳು. ಮಳೆ ಹಿಡಿದು ಕೂಲಿ ನಿಂತಾಗ ಹಣಮಪ್ಪನ ಶನಿವಾರವೂ ಬಂತು. ಪಾಪ, ಆ ದೇವರುಗಳಿಗೆ ತಮ್ಮ ಹೆಸರಲ್ಲಿ ಯಾವ ವ್ಯವಹಾರ ನಡೆದಿದೆ ಎಂಬ ಸುಳಿವೂ ಇರಲಿಲ್ಲ. ಇತ್ತ ಕಾಶಿಬಾಯಿ ಸೊಸೆಯ ಭಕ್ತಿಯನ್ನು ಓಣಿಯ ತುಂಬ ಹಂಚಿ ಬಂದಳು. ಕಟ್ಟೆಯ ಮೇಲೆ ಕೂತ ಹೆಂಗಸರು ಸುರೇಖಾ ಹಾದುಹೋದರೆ ಸೆರಗು ಸರಿಮಾಡಿಕೊಳ್ಳತೊಡಗಿದರು. ಅವಳಿಗೆ ನಾಚಿಕೆಯಾಗುತ್ತಿತ್ತು. ಸುಳ್ಳೇಕೆ, ಒಂದಿಷ್ಟು ಹಿತವೂ ಆಗುತ್ತಿತ್ತು. ಬಡವಿ ಅನ್ನಿಸಿಕೊಳ್ಳುವುದಕ್ಕಿಂತ ಭಕ್ತೆ ಅನ್ನಿಸಿಕೊಳ್ಳುವುದು ಯಾರಿಗೆ ಬೇಡ?

ಈ ಸುಳ್ಳಿನ ಕಟ್ಟಡಕ್ಕೆ ಮೊದಲ ಏಟು ಬಿದ್ದದ್ದು ನಳದ ಮುಂದೆ. ಶಾಲೆಯಲ್ಲಿ ಅಡುಗೆ ಮಾಡುವ ಸಾವಂತ್ರವ್ವ ಕೊಡ ಪಾಳಿಗಿಟ್ಟು ಕೇಳಿದಳು.

"ಏನ ಸುರೇಖಾ, ನಿಮ್ಮ ಮನ್ಯಾಗ ಎಲ್ಲಾರೂ ಸನ್ಯಾಸಿ ಆಗಾವ್ರದೀರೇನು?"

"ಯಾಕ ಅಕ್ಕಾ?"

"ನಿನ್ನ ಮಗಳು ಶುಕ್ರವಾರಕ್ಕೊಮ್ಮೆ ತಾಟು ಹಿಡ್ಯಂಗಿಲ್ಲ. ಎಲ್ಲವ್ವನ ವಾರ ಐತ್ರಿ ಅಂತಾಳ. ಮೊನ್ನಿ ಕಣ್ಣಿಗೆ ಕತ್ತಲಿ ಬಂದು ಗ್ವಾಡಿ ಹಿಡ್ಕೊಂಡು ನಿಂತಿದ್ಳು. ನಾನ ಕೈಹಿಡಿದು ಕುಂದ್ರಿಸಿದೆ. ಹರೇಕ ಬರೂ ಕೂಸಿಗೆ ಎಂಥಾ ಉಪಾಸ ತಂಗಿ?"

ಸುರೇಖಾಳ ಕೊಡ ತುಂಬಿ ನೀರು ಹೊರಗೆ ಹರಿಯಿತು. ಶುಕ್ರವಾರ! ಶುಕ್ರವಾರ ಮುಂಜಾನೆ ಮಗಳು ರೊಟ್ಟಿ ಕೈಯಲ್ಲಿ ಹಿಡಿದು "ಹಾದ್ಯಾಗ ತಿಂತೇನಿ" ಎಂದು ಓಡುತ್ತಿದ್ದಳು. ಆ ರೊಟ್ಟಿ ಯುವರಾಜನ ಹೊಟ್ಟೆಗೆ ಹೋಗುತ್ತಿತ್ತೆಂದು ಈಗ ಹೊಳೆಯಿತು. ರಾತ್ರಿ "ಸಾಲ್ಯಾಗ ಎರಡ ಸಲ ಹಾಕಿಸ್ಕೊಂಡೇನಿ, ಹಸಿವಿಲ್ಲ" ಎನ್ನುತ್ತಿದ್ದಳು. ಹಾಗೆ ಉಳಿದ ರೊಟ್ಟಿಯನ್ನು ಸುರೇಖಾ ಬಟ್ಟೆಯಲ್ಲಿ ಸುತ್ತಿ ಶನಿವಾರಕ್ಕೆ ಎತ್ತಿಡುತ್ತಿದ್ದಳು. ಅದನ್ನು ಕಂಡು ಈ ತಿಂಗಳು ತನ್ನ ಲೆಕ್ಕ ಸುಧಾರಿಸಿತು ಎಂದು ಖುಷಿಪಟ್ಟಿದ್ದಳು ಬೇರೆ. ಅದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಮನೆಗೆ ಬಂದವಳೇ ಮಗಳ ರಟ್ಟೆ ಹಿಡಿದು ಜಗ್ಗಿದಳು. "ಯಾರು ಹೇಳಿದ್ರು ನಿನಗ ವಾರ ಹಿಡಿ ಅಂತ?"

"ಯಾರೂ ಹೇಳಿಲ್ಲ. ಸೋಮವಾರ, ಗುರುವಾರ, ಶನಿವಾರ ನೀ ಹಿಡದಿ. ಶುಕ್ರವಾರ ಖಾಲಿ ಇತ್ತು," ಅಂದಳು ಭಾಗ್ಯಾ. "ಇಬ್ಬರು ಹಿಡದ್ರ ಅಪ್ಪ ಲಗೂನ ಆರಾಮ ಆಗ್ತಾನ."

ಕಾಶಿಬಾಯಿ ಮೊಮ್ಮಗಳನ್ನು ಸೆರಗಿಗೆ ಎಳೆದುಕೊಂಡಳು. "ಯಾಕ ಬೈತಿ? ತಾಯಿ ಮಾಡಿದ್ದು ನೋಡಿ ಕೂಸು ಮಾಡೇತಿ. ಹಿಡದ ವಾರ ನಡಕ ಬಿಡಿಸಬ್ಯಾಡ, ಎಲ್ಲವ್ವ ಸಿಟ್ಟಾಗ್ತಾಳ."

ಹೊರಸಿನ ಮೇಲೆ ಕಾಂತು ಗೋಡೆಯ ಕಡೆ ಮುಖ ತಿರುಗಿಸಿದ್ದ. ಅವನ ಬೆನ್ನು ಅಲುಗುತ್ತಿತ್ತು. ನೆಟ್ಟಗೆ ಅಳುವುದಕ್ಕೂ ಆ ಸೊಂಟ ಬಿಡುತ್ತಿರಲಿಲ್ಲ. ಸುರೇಖಾ ಮಗಳ ರಟ್ಟೆ ಬಿಟ್ಟಳು.

ಎರಡು ದಿನ ಅವಳು ಒಳಗೊಳಗೇ ಬೆಂದಳು. ಬೈದರೆ ಮಗಳು ತಾಯಿಯ ಉಪವಾಸ ತೋರಿಸುತ್ತಾಳೆ. ತಾನು ಉಪವಾಸ ಬಿಟ್ಟರೆ ರೊಟ್ಟಿ ಯಾರ ತಾಟಿನಿಂದ ತೆಗೆಯುವುದು? ಗಂಡನ ತಾಟಿನಿಂದಲೋ, ಆರು ವರ್ಷದ ಹುಡುಗನ ತಾಟಿನಿಂದಲೋ? ನಿಜ ಹೇಳದೆ ಬೇರೆ ದಾರಿ ಇರಲಿಲ್ಲ. ನಿಜ ಹೇಳಿದರೆ ಮಗಳಾದರೂ ಉಂಡಾಳು ಎಂದು ಅವಳು ಮನಸಾರೆ ನಂಬಿದಳು.

ಬುಧವಾರ ಶಾಲೆ ಬಿಟ್ಟ ಮೇಲೆ ಜೋಳ ಬೀಸಿಸುವ ನೆಪದಲ್ಲಿ ಮಗಳನ್ನು ಗಿರಣಿಗೆ ಕರೆದುಕೊಂಡು ಹೋದಳು. ಊರ ಹೊರಗಿನ ಹಾದಿ, ಬಿಸಿಲಿಗೆ ಯಾರೂ ಇರಲಿಲ್ಲ. ಭಾಗ್ಯಾ ಜೋಳದ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡಿದ್ದಳು.

"ಭಾಗ್ಯಾ, ನಾ ಹಿಡದಿದ್ದು ದೇವರ ವಾರ ಅಲ್ಲವ್ವ."

"ಮತ್ತ?"

"ರೊಟ್ಟಿ ಸಾಲಂಗಿಲ್ಲ. ಅದಕ್ಕ ಉಣ್ಣಂಗಿಲ್ಲ, ಅಷ್ಟ."

ಭಾಗ್ಯಾ ತಾಯಿಯ ಕಡೆ ಹೊರಳಿದಳು. "ದೇವರಿಗೆ ಸುಳ್ಳ ಹೇಳಿದೇನು?"

"ದೇವರಿಗೆಲ್ಲಿ ಹೇಳಿದೆ? ನಿಮ್ಮ ಆಯಿಗೆ ಹೇಳಿದೆ." ಸುರೇಖಾಗೆ ನಗು ಬಂದಂತಾಯಿತು. ಮಗಳು ನಗಲಿಲ್ಲ.

"ಅಪ್ಪನ ಸೊಂಟ?"

"ಅದು ಆರಾಮಾದಾಗ ಆಗ್ತೈತಿ. ನೀ ಹೊಟ್ಟಿ ಸುಟ್ಕೊಂಡ್ರ ಅದಕ್ಕೇನೂ ಆಗಂಗಿಲ್ಲ. ಸಾಲ್ಯಾಗ ಉಣ್ಣು. ನನ್ನ ಆಣಿ ಮಾಡು."

"ಅವ್ವಾ, ನೀ ದಿನಾ ಉಂಡ್ರ ನಮಗ ಕಡಿಮಿ ಬೀಳ್ತೈತೇನು?"

ಇಲ್ಲ ಎನ್ನಬೇಕಿತ್ತು. ಒಂದು ಸುಳ್ಳನ್ನು ಬಿಡಿಸಲು ಬಂದವಳ ಬಾಯಿಗೆ ಇನ್ನೊಂದು ಬರಲಿಲ್ಲ. "ಬೀಳ್ತೈತಿ," ಅಂದಳು. ಭಾಗ್ಯಾ ಡಬ್ಬಿಯನ್ನು ಇನ್ನೊಂದು ಬಗಲಿಗೆ ಬದಲಿಸಿದಳು. ತಾಯಿಯ ತಲೆ ಮುಟ್ಟಿ ಆಣೆಯನ್ನೂ ಮಾಡಿದಳು.

ಅತ್ತೆಯನ್ನು ಒಪ್ಪಿಸುವುದಕ್ಕೆ ಒಂದು ತೆಂಗಿನಕಾಯಿ ಬೇಕಾಯಿತು. ಕೂಸಿಗೆ ತಲೆತಿರುಗು ಬರುತ್ತದೆ, ಮಾಸ್ತರರು ಬೈಯುತ್ತಾರೆ ಎಂದೆಲ್ಲ ಹೇಳಿದ ಮೇಲೆ ಕಾಶಿಬಾಯಿ ತಾನೇ ಸೆರಗಿನ ಗಂಟು ಬಿಚ್ಚಿ ಕಾಯಿ ತಂದು, ಎಲ್ಲವ್ವನ ಗುಡಿಯಲ್ಲಿ ಒಡೆಸಿ, ತಪ್ಪಾಯಿತೆಂದು ಕೈಮುಗಿದು ವಾರ ಬಿಡಿಸಿಕೊಂಡು ಬಂದಳು. ಹೋಳುಗಳನ್ನು ಸುರೇಖಾ ಚಟ್ನಿಗೆ ಎತ್ತಿಟ್ಟಳು. ಎಲ್ಲವ್ವ ಸಿಟ್ಟಾದಂತೆ ಕಾಣಲಿಲ್ಲ.

ಶುಕ್ರವಾರ ಸಂಜೆ ಸಾವಂತ್ರವ್ವ ಓಣಿಯ ಆಚೆಯಿಂದಲೇ ಕೂಗಿ ಹೇಳಿದಳು. "ಉಂಡ್ಳವಾ ನಿನ್ನ ಮಗಳು! ಎರಡ ಸಲ ಸಾರನ್ನ ಹಾಕಿಸ್ಕೊಂಡ್ಳು!" ಸುರೇಖಾ ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕಳು. ಆ ರಾತ್ರಿ ರೊಟ್ಟಿ ಬಡಿಯುವಾಗ ಕೈ ಹಗುರಾಗಿತ್ತು, ರೊಟ್ಟಿಗಳೂ ಚೆನ್ನಾಗಿ ಉಬ್ಬಿದವು.

ಭಾಗ್ಯಾ ತಾಟಿನ ಮುಂದೆ ಕೂತು ಒಂದು ರೊಟ್ಟಿಯನ್ನು ನಡುವೆ ಮುರಿದಳು. ಅರ್ಧ ತಾನಿಟ್ಟುಕೊಂಡು ಅರ್ಧವನ್ನು ತಿರುಗಿ ಬುಟ್ಟಿಗೆ ಹಾಕಿದಳು.

"ಯಾಕ?"

"ಸಾಲ್ಯಾಗ ಹೊಟ್ಟಿ ತುಂಬ ಉಂಡೇನವ್ವ."

ನಿಜವೇ ಇರಬೇಕು ಎಂದುಕೊಂಡಳು ಸುರೇಖಾ. ಸಾವಂತ್ರವ್ವ ಹೇಳಿದ್ದಳಲ್ಲ. ಶನಿವಾರ ರಾತ್ರಿಯೂ ಮಗಳು ಅರ್ಧ ರೊಟ್ಟಿಗೇ ಎದ್ದಳು. ಭಾನುವಾರ ಶಾಲೆಯಿಲ್ಲ, ಶಾಲೆಯ ಊಟವಿಲ್ಲ. ಅವತ್ತು ಎರಡು ಹೊತ್ತೂ ಅರ್ಧರ್ಧ ತಿಂದು, ಮೇಲೆ ಒಂದು ಚರಿಗೆ ನೀರನ್ನು ಗಟಗಟ ಕುಡಿದು, ಹೊಟ್ಟೆಯ ಮೇಲೆ ಕೈಯಾಡಿಸಿ "ಸಾಕವ್ವ" ಅಂದಳು. ಆ ನೀರು ಕುಡಿಯುವ ರೀತಿ, ಕೈಯಾಡಿಸುವ ರೀತಿ, ಎರಡೂ ಸುರೇಖಾಳವೇ. ಮುಂದೆ ಕೂತಿದ್ದ ಅತ್ತೆಗೆ ಏನೂ ಕಾಣಲಿಲ್ಲ. ತಾಯಿಗೆ ಕಂಡಿತು.

"ಉಣ್ಣು ಅಂದ್ರ ಉಣ್ಣು!" ಎಂದು ಅರ್ಧ ರೊಟ್ಟಿಯನ್ನು ತಾಟಿಗೆ ಒಗೆದಳು. ಭಾಗ್ಯಾ ಅದನ್ನು ಮೆಲ್ಲಗೆ ಎತ್ತಿ ತಮ್ಮನ ತಾಟಿಗೆ ಇಟ್ಟಳು. ಯುವರಾಜ ಎರಡೂ ಕೈಯಿಂದ ಹಿಡಿದು ತಿನ್ನತೊಡಗಿದ. ಅವನ ಕೈಯಿಂದ ಕಸಿಯುವುದು ಹೇಗೆ?

"ಆಣಿ ಮಾಡಿದ್ದಿ," ಅಂದಳು ಸುರೇಖಾ.

"ಸಾಲ್ಯಾಗ ಉಣ್ತೇನಿ ಅಂತ ಮಾಡಿದ್ದೆ. ಉಣ್ಣಾಕತ್ತೇನಿ," ಅಂದಳು ಮಗಳು. ಅವಳ ದನಿಯಲ್ಲಿ ಹಟವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮನೆಯ ಕೆಲಸದಲ್ಲಿ ತನ್ನ ಪಾಲನ್ನು ಎತ್ತಿಕೊಂಡ ದೊಡ್ಡ ಹೆಂಗಸಿನ ದನಿ ಅದು. ಎಲ್ಲವ್ವನ ವಾರವಾಗಿದ್ದರೆ ಒಂದು ಕಾಯಿಯಲ್ಲಿ ಬಿಡಿಸಬಹುದಿತ್ತು. ಆಗ ವಾರಕ್ಕೊಂದು ದಿನದ ಉಪವಾಸ ಇತ್ತು, ಉಳಿದ ದಿನವಾದರೂ ಹುಡುಗಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಈಗ ದಿನಾ ಅರ್ಧ ಹೊಟ್ಟೆ. ಇದನ್ನು ಬಿಡಿಸು ಎಂದು ಯಾವ ಗುಡಿಯ ಮುಂದೆ ನಿಂತು ಕೇಳುವುದು?

ಮುಂದಿನ ಸಂತೆಗೂ ಅವಳು ಸಂಜೆಯೇ ಹೋದಳು. ಕೊನೆಯ ಗುಂಪಿಯನ್ನು ಸುರುವಿಕೊಂಡು, ತಿರುಗಿ ಬರುವ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎಂದಿನಂತೆ ವಾರದ ಅಡುಗೆ ಶುರುಮಾಡಿದಳು. ಮೊದಲ ದಿನ ಸೊಪ್ಪು. ಮರುದಿನ ಬದನೆಕಾಯಿ. ಆಮೇಲೆ ಬೇಳೆ. ಯಾಕೋ ಈ ಸಲ ಎಲ್ಲೂ ತೊಡಕಾಗಲಿಲ್ಲ. ಹಿಟ್ಟು ಮುಂದಿನ ಸಂತೆಯವರೆಗೂ ಬರುತ್ತಿತ್ತು. ಬೇಕೆಂದರೆ ಗುರುವಾರ ತಾನೂ ಒಂದು ರೊಟ್ಟಿ ತಿನ್ನಬಹುದಿತ್ತು.

ಎಲ್ಲಿಂದ ಬಂತು ಇದು ಎಂದು ಮತ್ತೆ ಮೊದಲಿನಿಂದ ಎಣಿಸಿದಳು. ಗಂಡನಿಗೆ ಇಷ್ಟು, ಅತ್ತೆಗೆ ಇಷ್ಟು, ಯುವರಾಜನಿಗೆ ಇಷ್ಟು. ಭಾಗ್ಯಾಳ ಪಾಲಿಗೆ ಬಂದಾಗ ಅವಳ ಮನಸ್ಸು ಹೊತ್ತಿಗೆ ಅರ್ಧ ರೊಟ್ಟಿ ಎಂದು ಇಟ್ಟುಕೊಂಡು ಆಗಲೇ ಮುಂದೆ ಹೋಗಿತ್ತು.

ಸುರೇಖಾ ಚೀಲವನ್ನು ಅವಚಿಕೊಂಡು ಬಾಯಿಗೆ ಸೆರಗು ತುರುಕಿಕೊಂಡಳು. ಪಕ್ಕದಲ್ಲಿ ಕೂತಿದ್ದ ಮುದುಕಿ ಹೊರಳಿ ನೋಡಿ, "ಯಾಕವ್ವ ತಂಗಿ, ಉಂಡಿಲ್ಲೇನು?" ಎಂದು ಕೇಳಿದಳು.

"ವಾರ ಐತ್ರಿ," ಅಂದಳು ಸುರೇಖಾ.