ಮೆತ್ತಗಾದ ಪೆಡಲ್

ಪೆಡಲ್ ಮತ್ತೆ ತಳ ಮುಟ್ಟಿತು. ಟ್ರಕ್ಕಿನ ಸೀಟಿನಲ್ಲಿ ಕೂತಿದ್ದ ಅವಳು ಕಾಲೆತ್ತಿ ಇನ್ನೊಮ್ಮೆ ಒತ್ತಿದಳು. ಕಲಸಿದ ಹಿಟ್ಟನ್ನು ಒತ್ತಿದ ಹಾಗೆ ಮೆತ್ತಗೆ ಇಳಿದುಹೋಯಿತು. ಕೆಳಗೆ, ಚಕ್ರ ಬಿಚ್ಚಿದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಗಂಡ "ಹಿಡ್ಕೊ" ಎಂದ. ಹಿಡಿದಳು. ಅವನು ಸ್ಪ್ಯಾನರಿನಿಂದ, ಪೈಪಿನೊಳಗಿನ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ, ಒಂದಿಷ್ಟು ಬ್ರೇಕ್ ಆಯಿಲನ್ನು ಬಾಟಲಿಗೆ ಇಳಿಸಿ, ಮತ್ತೆ ಬಿಗಿ ಮಾಡಿ "ಬಿಡು" ಎಂದ. ಬಿಟ್ಟಳು. ಬೆಳಗಿನಿಂದ ಗಂಡ ಹೆಂಡಿರ ಮಾತುಕತೆ ಇಷ್ಟೇ: ಒತ್ತು, ಹಿಡ್ಕೊ, ಬಿಡು. ಮದುವೆಯಾದ ಹೊಸತರಲ್ಲೂ ಈ ಮನುಷ್ಯ ಇದಕ್ಕಿಂತ ಹೆಚ್ಚು ಮಾತಾಡಿದವನಲ್ಲ ಎಂದುಕೊಂಡು ಅವಳು ಬೆನ್ನು ನೆಟ್ಟಗೆ ಮಾಡಿದಳು.

ಬೆಳಿಗ್ಗೆ ಅವಳು ಗಲ್ಲಿಯಲ್ಲಿ ಗಾಡಿ ಓಡಿಸಿ ನೋಡಿದಾಗ ಬ್ರೇಕ್ ಹಿಡಿದಿರಲೇ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದದ್ದಕ್ಕೆ ಎದುರು ಮನೆಯವರ ಗೇಟು ಉಳಿದಿತ್ತು. ನಾಳೆ ಇದೇ ಗಾಡಿಯಲ್ಲಿ ಕಿಟಕಿ ಗಾಜುಗಳನ್ನು ತುಂಬಿಕೊಂಡು ಅವಳು ಇಳಿಜಾರಿನ ರಸ್ತೆಯಲ್ಲಿ ಹೋಗಬೇಕಿತ್ತು.

ಗಾಡಿ ಓಡಿಸುವ ಕೆಲಸ ಅವನದ್ದೇ ಆಗಿತ್ತು. ಹೋದ ವರ್ಷ ಬಚ್ಚಲಲ್ಲಿ ಕುಸಿದು ಬಿದ್ದ. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು, ಮಿದುಳಿನಲ್ಲಿ ರಕ್ತ ಕಟ್ಟಿದೆ ಎಂದರು ಡಾಕ್ಟರು. ಅಂದಿನಿಂದ ಸ್ಟೇರಿಂಗು ಅವಳ ಕೈಗೆ ಬಂತು. ಬರುಬರುತ್ತಾ ಬಾಯಿ ನೆಟ್ಟಗಾಯಿತು, ಸಾರಿಗೆ ಉಪ್ಪು ಕಡಿಮೆ ಎಂದು ಗೊಣಗುವಷ್ಟು ಚೇತರಿಸಿಕೊಂಡ. ಆ ಗೊಣಗಾಟ ಕೇಳಿದ ದಿನ ಅವಳು ಅಡುಗೆಮನೆಯಲ್ಲಿ ನಿಂತು ಅತ್ತಿದ್ದಳು. ಹಾಗಾಗಿ ಬ್ರೇಕ್ ಆಯಿಲ್ ಸೋರತೊಡಗಿದಾಗ, ಗ್ಯಾರೇಜು ಇಟ್ಟಿರುವ ಮೈದುನ "ತಂದು ಬಿಡಿ ಅತ್ತಿಗೆ" ಎಂದರೂ ಅವಳು ಒಯ್ಯಲಿಲ್ಲ. ಗಂಡ ತಾನೇ ಮಾಡುತ್ತೇನೆಂದು ಹಠ ಹಿಡಿದಿದ್ದ. ಮಾಡಲಿ, ಮತ್ತೆ ಮೊದಲಿನ ಹಾಗಾಗಲಿ ಎಂದು ಅವಳಿಗೂ ಆಸೆ. ಮುಂದಿನ ಎರಡೂ ಡಿಸ್ಕುಗಳನ್ನು ಕಚ್ಚಿ ಹಿಡಿಯುವ ಕ್ಯಾಲಿಪರುಗಳನ್ನು ಬಿಚ್ಚಿ, ಹೊಸ ರಬ್ಬರ್ ಸೀಲು ಹಾಕಿ ಕೂರಿಸುವಾಗ ಅವನು ಶಿಳ್ಳೆ ಹಾಕುತ್ತಿದ್ದದ್ದನ್ನು ಅವಳು ಕಿವಿಯಾರೆ ಕೇಳಿದ್ದಳು.

ಈಗ ಅವನಿಗೆ ಶಿಳ್ಳೆ ಹಾಕುವ ಉಮೇದು ಇರಲಿಲ್ಲ. ಪೈಪಿನ ಉದ್ದಕ್ಕೂ ಬೆರಳಾಡಿಸಿ ನೋಡಿದ, ಎಲ್ಲೂ ಪಸೆಯಿಲ್ಲ. ಸೀಲು ಕಳಪೆ ಮಾಲು ಎಂದ. ಅಂಗಡಿಯವನ ವಂಶವನ್ನೆಲ್ಲ ಜಾಲಾಡಿದ. ತಪ್ಪು ಸೀಲಿನದ್ದೇ ಆಗಿರಲಿ, ಅಂಗಡಿಯವನದ್ದೇ ಆಗಿರಲಿ, ಯಾರದ್ದಾದರೂ ಆಗಿರಲಿ, ಗಂಡನದ್ದು ಮಾತ್ರ ಬೇಡ ಎಂದು ಅವಳು ಒಳಗೊಳಗೇ ಹಾರೈಸುತ್ತಿದ್ದಳು.

ಅವನು ನೀರು ಕುಡಿಯಲು ಒಳಗೆ ಹೋದಾಗ, ಚೆಲ್ಲಿದ ಆಯಿಲ್ ಒರೆಸೋಣವೆಂದು ಅವಳು ಕೆಳಗಿಳಿದು ಕೂತಳು. ಆಗ ಕಣ್ಣಿಗೆ ಬಿತ್ತು. ನಿಪ್ಪಲ್ ಕ್ಯಾಲಿಪರಿನ ಅಡಿಯಲ್ಲಿತ್ತು. ಆಚೆ ಬದಿಗೆ ಹೋಗಿ ಬಗ್ಗಿದಳು, ಅಲ್ಲೂ ಹಾಗೇ. ಒಳಗಿನ ಗಾಳಿ ಮೇಲೆ ಸೇರಿಕೊಳ್ಳುತ್ತದೆ, ಬಾಯಿ ಕೆಳಗಿದ್ದರೆ ಅದು ಹೊರಬರುವುದೆಲ್ಲಿಂದ? ಎಡಗಡೆಯ ಕ್ಯಾಲಿಪರನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂರಿಸಿದ್ದ. ಕಲಿಯುವ ಹುಡುಗರು ಮಾಡುವ ತಪ್ಪು ಅದು. ಈ ಗಾಡಿಯನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದವನು ಇವನು.

ಲೋಟ ಹಿಡಿದು ಬಂದವನಿಗೆ ಅವಳು ಹೇಳಿಯೇಬಿಟ್ಟಳು.

"ರೀ, ನಿಪ್ಪಲ್ ಎರಡೂ ಕೆಳಗಿವೆ. ಎಡಗಡೇದು ಬಲಕ್ಕೆ ಬಂದಿದೆ."

ರೇಗುತ್ತಾನೆ ಎಂದುಕೊಂಡಿದ್ದಳು. ರೇಗಿದ್ದರೆ ಚೆನ್ನಾಗಿತ್ತು. ಅವನು ಬಗ್ಗಿ ತುಂಬ ಹೊತ್ತು ಆ ಕಬ್ಬಿಣವನ್ನು ನೋಡಿದ. ಒಮ್ಮೆ ಎಡಗೈ, ಒಮ್ಮೆ ಬಲಗೈ ಎತ್ತಿ ಇಳಿಸಿದ. ಆಮೇಲೆ ಮುಖ ತಿರುಗಿಸದೆಯೇ ಸಣ್ಣ ದನಿಯಲ್ಲಿ ಕೇಳಿದ.

"ಕಸ ಗುಡಿಸೋವಾಗ ನೀನೇನಾದ್ರೂ ಅದಲುಬದಲು ಇಟ್ಟಿದ್ಯಾ?"

ಅವಳು ಆ ಕಡೆ ಕಸಬರಿಗೆ ಒಯ್ದಿರಲೇ ಇಲ್ಲ. ಆದರೂ ಬಾಯಿ ಬೇರೆಯೇ ಹೇಳಿತು.

"ಹೂಂ, ಎತ್ತಿಟ್ಟಿದ್ದೆ. ಎಲ್ಲಿದ್ದದ್ದನ್ನ ಎಲ್ಲಿಟ್ನೋ."

ಅವನ ಮುಖಕ್ಕೆ ಜೀವ ಬಂತು. ಸಾಮಾನು ಮುಟ್ಟಬೇಡ ಎಂದು ಎಷ್ಟು ಸಲ ಬಡಕೊಳ್ಳಲಿ, ಹೆಂಗಸರಿಗೆ ಎಲ್ಲವನ್ನೂ ಓರಣ ಮಾಡುವ ಚಟ ಎಂದು ಮನಸಾರೆ ಬೈದ. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಬೈಸಿಕೊಂಡಷ್ಟೂ ಹಗುರವೆನಿಸಿತು.

ಮಂಡಿ ನೋಯುತ್ತಿದೆ ಎಂದು ಅವನು ಜಗಲಿಯ ಮೇಲೆ ಕೂತು, ಇದು ಬಿಚ್ಚು, ಅದು ತಿರುಗಿಸು ಎಂದು ಹೇಳುತ್ತಾ ಹೋದ. ಅವಳೇ ಬಿಚ್ಚಿದಳು, ಅವಳೇ ಕೂರಿಸಿದಳು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನಟ್ಟು ಎಷ್ಟು ಬಿಗಿಯಬೇಕು ಎಂಬುದು ಸಹ. ಒಮ್ಮೆ ತಪ್ಪಿದರೇನಂತೆ, ಯಾರಿಗೆ ತಪ್ಪುವುದಿಲ್ಲ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ಈಗ ಮತ್ತೆ ಗಾಳಿ ತೆಗೆಯಬೇಕಿತ್ತು. ಅವನೇ ಸೀಟಿಗೆ ಹತ್ತಿದ. ಬಚ್ಚಲಲ್ಲಿ ಬಿದ್ದ ಮೇಲೆ ಅಲ್ಲಿ ಕೂತದ್ದು ಇದೇ ಮೊದಲು. ಸ್ಟೇರಿಂಗನ್ನು ಒಮ್ಮೆ ಸವರಿದ. ಅವಳು ಗಾಡಿಯ ಮುಂದಿನಿಂದ ಸುತ್ತಿ, ದೂರದ ಎಡ ಚಕ್ರದ ಬಳಿ ಸ್ಪ್ಯಾನರ್ ಹಿಡಿದು ಕೂತಳು.

"ಒತ್ತಿ."

"ಒತ್ತಿದೀನಿ."

ನಿಪ್ಪಲ್ ಸಡಿಲಿಸಿದಳು. ಒಂದೆರಡು ಹನಿ ಜಿನುಗಿತು, ಅಷ್ಟೇ. ಬಿಗಿ ಮಾಡಿ, ಬಿಡಿ ಎಂದಳು, ಮತ್ತೆ ಒತ್ತಿ ಎಂದಳು. ಈ ಸಲವೂ ರಭಸವಿಲ್ಲ, ಗುಳ್ಳೆಯಿಲ್ಲ. ಪೈಪಿಗೆ ಕಸ ಸಿಕ್ಕಿದೆಯೇನೋ ಎಂದು ತಟ್ಟಿ ನೋಡಿದಳು.

"ಗಟ್ಟಿಯಾಗಿ ಹಿಡ್ಕೊಂಡಿದೀರಾ?"

"ಹಿಡ್ಕೊಂಡೇ ಇದೀನಲ್ಲೇ. ಕಲ್ಲಿನ ಹಾಗೆ ನಿಂತಿದೆ. ಆಯ್ತು ಕಣೇ, ಸರಿಹೋಯ್ತು!"

ಅವನ ದನಿಯಲ್ಲಿ ಹಿಂದಿನ ಠೀವಿ ಇತ್ತು. ಅವಳು ನಿಪ್ಪಲ್ ಮುಚ್ಚಿ, ಸುತ್ತಿಕೊಂಡು ಬಂದು ಬಾಗಿಲು ತೆಗೆದಳು. ಅವನ ಎಡಗಾಲು ಕ್ಲಚ್ಚನ್ನು ತಳದವರೆಗೂ ಒತ್ತಿ ಹಿಡಿದಿತ್ತು. ಬಲಗಾಲು ಬ್ರೇಕಿನ ಪಕ್ಕದಲ್ಲಿ ಚಪ್ಪಲಿ ಸಮೇತ ಸುಮ್ಮನೆ ಇತ್ತು. ಅವನು ಅವಳನ್ನು ನೋಡಿ ನಗುತ್ತಿದ್ದ.

ಅವಳು ಬಗ್ಗಿ, ಎರಡೂ ಕೈಯಲ್ಲಿ ಆ ಎಡಗಾಲನ್ನು ಎತ್ತಿ ಕೆಳಗಿಟ್ಟಳು. ಬಲಗಾಲನ್ನು ಎತ್ತಿ ಬ್ರೇಕಿನ ಮೇಲಿಟ್ಟಳು. ಅವನ ನಗು ನಿಧಾನವಾಗಿ ಇಳಿಯಿತು.

"ಇದು" ಎಂದಳು.

"ಗೊತ್ತು" ಎಂದ ಅವನು.

ಸಡಿಲಿಸಬೇಕಾದ ನಿಪ್ಪಲ್ ಗಾಡಿಯ ಆ ಬದಿಗಿತ್ತು. ಕೈ ತೆಗೆದರೆ ಕಾಲು ಅಲ್ಲೇ ಇರುತ್ತದೆಂಬ ಧೈರ್ಯ ಅವಳಿಗೆ ಬರಲಿಲ್ಲ. ಅವನ ಪಾದವನ್ನು ಪೆಡಲಿಗೆ ಒತ್ತಿ ಹಿಡಿದುಕೊಂಡು ಹಾಗೆಯೇ ಬಗ್ಗಿ ನಿಂತಳು.