ಬೊಜ್ಜಕ್ಕೆ ಮೊದಲು ತೀರಿಸಿದ ಕಾರ್ಡು

ರುಕ್ಮಯ ಬದುಕಿದ್ದಷ್ಟು ದಿನ ಯಾರಿಗೂ ಬಾಕಿ ಇಟ್ಟವನಲ್ಲ. ಮುಂಬಯಿಯ ಜೋಗೇಶ್ವರಿಯ ಹೋಟೆಲೊಂದರ ಗಲ್ಲಾದಲ್ಲಿ ಕೂತು ಊರವರ ಉದ್ರಿಯನ್ನೆಲ್ಲ ನಗುನಗುತ್ತಲೇ ಸಹಿಸಿಕೊಂಡವನು, ತಾನು ಮಾತ್ರ ಹಾಲಿನವನಿಗೂ ತಿಂಗಳು ತುಂಬುವ ಮೊದಲೇ ಕೊಟ್ಟುಬಿಡುತ್ತಿದ್ದ. ಅಂಥವನು ಹೋಗುವಾಗ ಕ್ರೆಡಿಟ್ ಕಾರ್ಡಿನ ಸಾಲ ಹೊತ್ತುಕೊಂಡು ಹೋದ. ಆಸ್ಪತ್ರೆಯ ಕೊನೆಯ ಬಿಲ್ಲನ್ನು ಆ ಕಾರ್ಡಿನಲ್ಲೇ ಕಟ್ಟಿದ್ದರು. ಪ್ರಾಣ ಉಳಿಯಲಿಲ್ಲ, ಬಿಲ್ಲು ಉಳಿಯಿತು.

ಹೆಂಡತಿ ಶೀಲಾವತಿಗೆ ಅದೇ ಕೊರಗು. ಅವರ ಮನೆಯಲ್ಲೊಂದು ಕ್ರಮವಿತ್ತು. ಹದಿಮೂರನೆಯ ದಿನದ ಉತ್ತರಕ್ರಿಯೆಯಲ್ಲಿ, ಅಂದರೆ ಬೊಜ್ಜದಲ್ಲಿ, ಬಂದವರು ಊಟಕ್ಕೆ ಕೂರುವ ಮೊದಲು, ಸತ್ತವನಿಗೆಂದು ಒಂದು ಎಲೆ ಬಡಿಸುತ್ತಾರೆ. ಮನೆಯವರು ಆ ಎಲೆಯ ಮುಂದೆ ನಿಂತು, ಕೊಡಬೇಕಾದ್ದೆಲ್ಲ ಕೊಟ್ಟಾಗಿದೆ, ನಿಶ್ಚಿಂತೆಯಿಂದ ಹೋಗಿ ಎಂದು ಹೇಳಬೇಕು. ಸುಳ್ಳು ಹೇಳಿದರೆ ಸತ್ತವನು ಹೊಸ್ತಿಲು ದಾಟುವುದಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದರು. ಅತ್ತೆಯ ಬೇರೆ ಯಾವ ಮಾತಿಗೂ ಶೀಲಾವತಿ ಅಷ್ಟು ಬೆಲೆ ಕೊಟ್ಟವಳಲ್ಲ ಅನ್ನಿ. ಇದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅದು ಆಟೋ ಪೇ ಇದೆ ಅಮ್ಮ, ಟೆನ್ಶನ್ ಬೇಡ. ತನ್ನಷ್ಟಕ್ಕೆ ಅಕೌಂಟಿಂದ ಹೋಗ್ತದೆ," ಎಂದು ಮಗಳು ಶ್ರೇಯಾ ಹೇಳಿದ್ದಳು.

ಶೀಲಾವತಿ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಳು. ತನ್ನಷ್ಟಕ್ಕೆ ತೀರುವ ಸಾಲ ಲೋಕದಲ್ಲಿ ಎಲ್ಲಿಯಾದರೂ ಉಂಟೇ? ಗಂಡನ ಋಣವನ್ನು ಕೈಯಾರೆ ಕೊಟ್ಟು ತೀರಿಸಬೇಕು. ಬೊಜ್ಜಕ್ಕೆ ಎರಡು ದಿನ ಇರುವಾಗ, ಮಗಳಿಗೂ ಹೇಳದೆ ಮಲಾಡಿನ ಬ್ಯಾಂಕಿಗೆ ಹೋದಳು. ಗಂಡನ ಜೊತೆ ತನ್ನ ಹೆಸರೂ ಇದ್ದ ಖಾತೆಯಿಂದ ಹಣ ತೆಗೆದು ಕಾರ್ಡಿಗೆ ಪೂರ್ತಿ ಕಟ್ಟಿದಳು. ಖಾತೆಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಅಷ್ಟೇ ಹಣ, ಬೊಜ್ಜದ ಊಟಕ್ಕೆ ಸಾಕಾಗುವಷ್ಟು. ಹೊರಗೆ ಬರುವಾಗ ಅವಳ ಎದೆ ಹಗುರವಾಗಿತ್ತು.

ಮರುದಿನ ಬೆಳಿಗ್ಗೆ ಕೊರಗಪ್ಪ ಬಂದ. ರುಕ್ಮಯನ ಜೊತೆಗೇ ಊರು ಬಿಟ್ಟು ಮುಂಬಯಿಗೆ ಬಂದವನು, ಈಗ ಅಡುಗೆಯ ಕಾಂಟ್ರಾಕ್ಟ್ ಹಿಡಿಯುತ್ತಾನೆ. ಬೊಜ್ಜದ ಅಡುಗೆಗೆ ತರಕಾರಿ ತರಲು ಮಾರ್ಕೆಟಿಗೆ ಹೊರಟಿದ್ದ. ಅವನಿಗೆ ಹಣ ಕಳಿಸಲು ಫೋನ್ ತೆರೆದ ಶ್ರೇಯಾಳ ಮುಖ ಬಾಡಿತು.

"ಅಮ್ಮ, ಅಕೌಂಟ್ ಖಾಲಿ. ನೀನು ಕಾರ್ಡಿಗೆ ಪೇ ಮಾಡಿದ್ಯಾ?"

"ನಿನ್ನೆಯೇ ಕೊಟ್ಟು ಬಂದೆ."

"ಬೋಲಾ ಥಾ ನಾ ಅಮ್ಮ, ಆಟೋ ಪೇ ಇದೆ ಅಂತ. ಬಿಲ್ ಬಂದಾಗಲೇ ಅದರ ಆರ್ಡರ್ ಹೋಗಿರ್ತದೆ. ನೀನು ಕೊಟ್ಟದ್ದು ಅದಕ್ಕೆ ಗೊತ್ತೇ ಇಲ್ಲ. ಇವತ್ತು ಪುನಃ ಪೂರಾ ಕಟ್ ಆಯ್ತು."

ಶ್ರೇಯಾ ಅಲ್ಲೇ ಬ್ಯಾಂಕಿಗೆ ಫೋನ್ ಮಾಡಿದಳು. ಹೆಚ್ಚಾಗಿ ಹೋದದ್ದು ವಾಪಸ್ಸು ಬರುತ್ತದೆ, ಆದರೆ ಕಾರ್ಡು ಯಾರದ್ದೋ ಅವರೇ ಮಾತಾಡಬೇಕು ಎಂದರು. ಅವರು ಇಲ್ಲ ಎಂದಳು. ಯಾವಾಗ ಬರುತ್ತಾರೆ ಎಂದು ಕೇಳಿದರು. ಶ್ರೇಯಾ ಫೋನ್ ಕೆಳಗಿಟ್ಟಳು.

"ಇರಲಿ ಶೀಲಕ್ಕ," ಎಂದ ಕೊರಗಪ್ಪ. "ಊಟ ನಾನು ಮಾಡಿಸ್ತೇನೆ. ಹಣ ಬಂದಾಗ ಕೊಟ್ರೆ ಆಯ್ತು."

"ಉದ್ರಿ ಊಟವಾ? ಇವರ ಬೊಜ್ಜಕ್ಕಾ? ಆ ಎಲೆಯ ಮುಂದೆ ನಿಂತು ನಾನು ಎಂತ ಹೇಳುವುದು ಕೊರಗಪ್ಪಣ್ಣ?"

ಕೊರಗಪ್ಪ ತಲೆ ಕೆರೆದುಕೊಂಡ. "ಈಗ ಬ್ಯಾಂಕಿನವರು ರುಕ್ಮಯನಿಗೆ ಕೊಡ್ಲಿಕ್ಕುಂಟು ಅಲ್ವಾ? ಹಾಗಾದ್ರೆ ಸಾಲಗಾರ ಬ್ಯಾಂಕು. ನಾನು ಉದ್ರಿ ಕೊಡುವುದು ಬ್ಯಾಂಕಿಗೆ. ದೊಡ್ಡ ಪಾರ್ಟಿ, ಓಡಿ ಹೋಗ್ಲಿಕ್ಕಿಲ್ಲ."

ಶ್ರೇಯಾ ನಕ್ಕಳು. ಶೀಲಾವತಿ ನಗಲಿಲ್ಲ. ಅವನು ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಸರಪಟ್ಟು ತಾನೇ ಗಂಡನ ಹೆಸರಿಗೆ ಹೊಸ ಸಾಲ ಅಂಟಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಆದರೆ ಬೊಜ್ಜದ ದಿನವನ್ನು ಮುಂದೂಡುವ ಹಾಗಿರಲಿಲ್ಲ. ಕೊರಗಪ್ಪನಿಗೆ ಹೂಂ ಎಂದಳು.

ಮರುದಿನ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಎಲೆ ಹಾಕಿದರು. ರುಕ್ಮಯನಿಗೆ ಇಷ್ಟದ ಕೋಳಿ ಸಾರು, ರೊಟ್ಟಿ, ಅನ್ನ ಎಲ್ಲ ಬಡಿಸಿದರು. ಶೀಲಾವತಿ ಎಲೆಯ ಮುಂದೆ ನಿಂತಳು. ಇಷ್ಟು ವರ್ಷ ಒಂದೇ ಒಂದು ಸುಳ್ಳನ್ನೂ ಹೇಳದ ಗಂಡನಿಗೆ ಕೊನೆಯ ದಿನ ಸುಳ್ಳು ಹೇಳುವುದು ಹೇಗೆ?

"ಬ್ಯಾಂಕಿನ ಸಾಲ ತೀರಿತು," ಎಂದಳು ಕೊನೆಗೆ, ಮನೆಯಲ್ಲಿ ಮಾತಾಡುವ ದನಿಯಲ್ಲೇ. "ಎರಡು ಸಲ ತೀರಿತು. ಬೈಬೇಡಿ. ಈ ಊಟದ್ದು ಕೊರಗಪ್ಪಣ್ಣನಿಗೆ ಕೊಡ್ಲಿಕ್ಕುಂಟು. ಅದು ನನ್ನ ಸಾಲ, ನಿಮ್ಮದಲ್ಲ. ನಿಮಗೂ ಸ್ವಲ್ಪ ಬರ್ಲಿಕ್ಕುಂಟು. ಅದಕ್ಕೆಂದು ಕಾಯಬೇಡಿ. ನಾನು ಹೋಗಿ ತಕ್ಕೊಳ್ತೇನೆ."

ಬಾಗಿಲ ಬಳಿ ನಿಂತಿದ್ದ ಕೊರಗಪ್ಪ ಮುಖ ತಿರುಗಿಸಿಕೊಂಡ.

ಇನ್ನೊಂದೇ ಮಾತು ಉಳಿದಿತ್ತು. ಈ ಹದಿಮೂರು ದಿನ ಅವಳಿಗೆ ಗಂಡನಿಗಾಗಿ ಮಾಡಲು ಏನಾದರೊಂದು ಕೆಲಸವಿತ್ತು. ಆಸ್ಪತ್ರೆಯ ಕಾಗದ, ಬ್ಯಾಂಕು, ಮಾರ್ಕೆಟು ಎಂದು ಓಡಾಡುವಾಗ ಅವನು ಪಕ್ಕದ ಕೋಣೆಯಲ್ಲಿ ಮಲಗಿರುವಂತೆಯೇ ಇತ್ತು.

"ಹೋಗಿ," ಎಂದಳು.

ಹೇಳಿದ ಮೇಲೆ, ಅವನು ನಿಜವಾಗಿಯೂ ಹೋಗಿಬಿಡುತ್ತಾನೆಂದು ಅವಳಿಗೆ ಹೊಳೆಯಿತು. ಕುಸಿದು ಕೂತು ಬಾಳೆಲೆಯ ತುದಿ ಹಿಡಿದುಕೊಂಡಳು. ಶ್ರೇಯಾ ಬಂದು ಕೈ ಬಿಡಿಸಲು ನೋಡಿದಳು, ಅವಳು ಬಿಡಲಿಲ್ಲ.