ಎಡಗಡೆಯ ಸೀಟು

೨೦೨೫ರ ಏಪ್ರಿಲ್ ೭, ಸೋಮವಾರ. ಲೀಟರಿಗೆ ಹದಿಮೂರು ಕಿಲೋಮೀಟರ್ ಎಂಟುನೂರು ಮೀಟರ್. ಕುಷಾಯಿಗೂಡದ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದ ರಾಮದಾಸರು ಹುಬ್ಬು ಗಂಟಿಕ್ಕಿದರು. ಕೊಂಡು ಎಂಟು ತಿಂಗಳಾದ ಸಣ್ಣ ಕಾರು. ಮನೆಯ ಟಿವಿ ರಿಮೋಟಿನ ಪ್ಲಾಸ್ಟಿಕ್ ಹೊದಿಕೆಯಂತೆ ಅದರ ಸೀಟುಗಳದ್ದೂ ಇನ್ನೂ ಹಾಗೆಯೇ ಇತ್ತು. ಚಳಿಗಾಲದಲ್ಲಿ ಹದಿನೆಂಟು ಕೊಟ್ಟ ಗಾಡಿಗೆ ಈಗೇನಾಯಿತು?

ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಅವರಿಗೆ ತಾಳೆಯಾಗದ ಅಂಕಿ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ. ಚಕ್ರಗಳ ಗಾಳಿ ನೋಡಿಸಿದರು, ಸರಿಯಿತ್ತು. ಏರ್ ಫಿಲ್ಟರ್ ಬದಲಿಸಿದರು, ಅಂಕಿ ಅಲುಗಲಿಲ್ಲ. ಹೆಂಡತಿ ಗುಣವತಿಯ ಭುಜ ಬಿಗಿದುಕೊಂಡು, ವಾರಕ್ಕೆ ಮೂರು ಸಲ ಅವರನ್ನು ಉಪ್ಪಲ್‌ಗೆ ಫಿಜಿಯೋಥೆರಪಿಗೆ ಕರೆದೊಯ್ಯಬೇಕಿತ್ತು. ಚಿಕಿತ್ಸಾಲಯಕ್ಕೆ ರಜೆಯಿದ್ದ ವಾರ ರಾಮದಾಸರು ಒಬ್ಬರೇ ಓಡಿಸಿದರು. ಹದಿನೇಳೂವರೆ ಬಂತು.

“ಲೆಕ್ಕ ಸಿಕ್ತು,” ಎಂದರು ಹೆಂಡತಿಗೆ. “ನೀ ಕುಂತ್ರ ಲೀಟರಿಗೆ ನಾಲ್ಕು ಕಿಲೋಮೀಟರ್ ಖೋತಾ. ಹತ್ತಿದ ಕೂಡಲೇ ಏಸಿ ಫ್ಯಾನು ನಾಲ್ಕಕ್ಕ ತಿರುವ್ತಿ.”

“ಬೆನ್ನಾಗ ನೀರು ಇಳೀತೈತಿರಿ. ಎಷ್ಟ ಸಲ ಹೇಳ್ಬೇಕು?”

“ನನಗ್ಯಾಕ ಇಳಿಯಂಗಿಲ್ಲ? ಒಂದ ಕಾರು, ಒಂದ ಗಾಳಿ.”

ಗುಣವತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು. “ಹಂಗಾರ ಭಾರ ಇಳಿಸ್ರಿ. ಆಧಾರ್ ತೋರಿಸಿದ್ರ ನನಗ ಬಸ್ಸು ಪುಕ್ಕಟೆ ಐತಿ. ನಿಮ್ಮ ಕಾರಿನ ಬಾಗಲಾ ಮುಟ್ಟಂಗಿಲ್ಲ.”

ಮುಟ್ಟಲಿಲ್ಲ. ಎರಡನೆಯ ಸಲ ಬಸ್ಸಿನಿಂದಿಳಿದವರು ಒಂದು ಕೈಯಿಂದ ಇನ್ನೊಂದು ತೋಳನ್ನು ಹಿಡಿದುಕೊಂಡು ಬರುವುದನ್ನು ರಾಮದಾಸರು ಗೇಟಿನಲ್ಲಿ ನಿಂತು ನೋಡಿದರು. ಆ ಭುಜ ಹೀಗೇ ಕಂಬಿಗೆ ಜೋತುಬಿದ್ದರೆ ಚಿಕಿತ್ಸೆಯೆಲ್ಲ ನೀರುಪಾಲು. ಕರೆದರೆ ಬರುವವರಲ್ಲ. ಮೂರನೆಯ ಸಲ ಬಸ್ಸಿನ ಹಿಂದೆಯೇ ಕಾರು ತಂದು ಚಿಕಿತ್ಸಾಲಯದ ಮುಂದೆ ನಿಲ್ಲಿಸಿದರು.

ಬಿಸಿಲು ಬಲಗಡೆಯ ಕಿಟಕಿಗೇ ಹೊಡೆಯುತ್ತಿತ್ತು. ಎಂಜಿನ್ ನಡೆಯುತ್ತಿದ್ದಂತೆ, ಫ್ಯಾನು ಒಂದರಲ್ಲೇ ಇಟ್ಟು, ಎಡಗಡೆಯ ಸೀಟಿಗೆ ಸರಿದರು. ಕಾರು ಕೊಂಡ ಮೇಲೆ ಅಲ್ಲಿ ಕೂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿನಲ್ಲಿ ಮುಖ ತಣ್ಣಗಾಯಿತು. ಬೆನ್ನು ತೊಯ್ದು ತೊಪ್ಪೆಯಾಯಿತು. ಮುಂದಕ್ಕೆ ಬಾಗಿದರೆ ಪ್ಲಾಸ್ಟಿಕ್ಕಿಗೆ ಅಂಟಿದ್ದ ಅಂಗಿ ಪರ್ರೆಂದು ಬಿಟ್ಟುಕೊಂಡಿತು. ಓಡಿಸುವಾಗ ಜಾರುತ್ತದೆಂದು ತಮ್ಮ ಸೀಟಿನ ಪ್ಲಾಸ್ಟಿಕ್ಕನ್ನು ಅವರು ಮೊದಲ ದಿನವೇ ಕಿತ್ತಿದ್ದರು. ಉಳಿದವು ಹೊಸದಾಗಿಯೇ ಇರಲೆಂದು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಗುಣವತಿ ಹೊರಬಂದಾಗ ಗಂಡ ಫುಟ್‌ಪಾತಿನ ಮೇಲೆ ನಿಂತು ಪ್ಲಾಸ್ಟಿಕ್ ಹರಿಯುತ್ತಿದ್ದರು.

“ಸೀಟಿನ ಬಾಣಂತನ ಮುಗೀತೇನ್ರಿ?”

“ಲೆಕ್ಕ ತಪ್ಪಿತ್ತು. ನಿನ್ನ ಜಾಗಾದಾಗ ಕುಂತು ನೋಡಿರಲಿಲ್ಲ,” ಎಂದರು ರಾಮದಾಸರು. “ಬಾ, ಕೂಡು.”

ಗುಣವತಿ ಸೀಟಿನ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ಸವರಿ ಕುಳಿತರು. ಫ್ಯಾನನ್ನು ನಾಲ್ಕಕ್ಕೇ ತಿರುಗಿಸಿದರು. ಆದರೆ ನಾಚಾರಂ ದಾಟುವಷ್ಟರಲ್ಲಿ ಎರಡಕ್ಕೆ, ಆಮೇಲೆ ಒಂದಕ್ಕೆ, ತಾವಾಗಿಯೇ ಇಳಿಸಿದರು.

“ಬಸ್ಸಿನ್ಯಾಗ ಕಂಬಿ ಹಿಡಿದು ನಿಂತೀನಿ. ಅದರ ಲೆಕ್ಕ?”

“ಬಾಕಿ ಅಂತ ಬರಕೋ.”

“ರಿಮೋಟಿಂದೂ ಕಿತ್ತಿ ಹಾಕ್ರಿ. ಅರ್ಧಾ ತೀರ್ತು ಅಂತ ತಿಳೀತೀನಿ.”

ಮುಂದಿನ ಟ್ಯಾಂಕಿಗೆ ಲೀಟರಿಗೆ ಹದಿನೇಳು ಬಂತು. ರಿಮೋಟಿನ ಪ್ಲಾಸ್ಟಿಕ್ಕು ಇಬ್ಬರೂ ಕಾರಿನಲ್ಲಿ ಮನೆಗೆ ಬಂದ ಸಂಜೆಯೇ ಹೋಗಿತ್ತು. ಉಳಿದರ್ಧ ಇನ್ನೂ ಬಾಕಿಯಿದೆ.